ಅರ್ಧ ಸೆಕೆಂಡು ಯಾಕೆ ತಡ?

2024ರ ಮಾರ್ಚ್ 29. ಗುಡ್ ಫ್ರೈಡೇ. ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿ ಇಪ್ಪತ್ತು ನಿಮಿಷವಾಗಿತ್ತು. ಅಮೆರಿಕದ ಪಶ್ಚಿಮ ತೀರದಲ್ಲಿ ಆಗ ಬೆಳಗ್ಗೆ 8.51. ಆ ಹೊತ್ತಿಗೆ ಭದ್ರತೆಯ ಕೆಲಸ ಮಾಡುವವರ ಒಂದು ಸಾರ್ವಜನಿಕ ಇಮೇಲ್ ಬಳಗಕ್ಕೆ ಒಂದು ಪತ್ರ ಬಂತು. ಬರೆದವರು ಆಂಡ್ರೆಸ್ ಫ್ರಾಯಿಂಡ್. ಮೈಕ್ರೋಸಾಫ್ಟ್‌ನಲ್ಲಿ ಎಂಜಿನಿಯರ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರಲ್ಲಿ ಒಬ್ಬರು. ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ಕಡೆಯೆಲ್ಲ ಇರುವ ಎಕ್ಸ್‌ಝಡ್ ಎಂಬ ಸಣ್ಣ ಸಲಕರಣೆಯ ಹೊಸ ಆವೃತ್ತಿಯಲ್ಲಿ ಯಾರೋ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳಗೆ ನುಗ್ಗುವ ದಾರಿ, ಇಟ್ಟಿದ್ದಾರೆ ಎಂದು ಅವರು ಬರೆದಿದ್ದರು.

ನಾನೂ ಒಂದು ಸಣ್ಣ ಸರ್ವರ್ ನೋಡಿಕೊಳ್ಳುತ್ತೇನೆ. ಆ ರಾತ್ರಿ ಸುದ್ದಿ ಓದಿದ ತಕ್ಷಣ ಮಾಡಿದ ಮೊದಲ ಕೆಲಸ ಅದರಲ್ಲಿ ಎಕ್ಸ್‌ಝಡ್ ಯಾವ ಆವೃತ್ತಿ ಇದೆ ಅಂತ ನೋಡಿದ್ದು. 5.4.1 ಎಂದಿತ್ತು. ಕೆಟ್ಟ ಆವೃತ್ತಿಗಳು 5.6.0 ಮತ್ತು 5.6.1. ಸದ್ಯ ಬಚಾವು ಅನಿಸಿತು. ಆ 5.4.1 ಎಂಬ ಅಂಕಿಗೆ ಈ ಕಥೆಯಲ್ಲಿ ಒಂದು ಜಾಗ ಇದೆ ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ.

ಈ ಪ್ರಕರಣವನ್ನು ಜನ ಸಾಮಾನ್ಯವಾಗಿ ಪತ್ತೇದಾರಿ ಕಥೆಯಂತೆ ಹೇಳುತ್ತಾರೆ. ಅದು ತಪ್ಪಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಕಳ್ಳ ಒಳಗೆ ಬಂದದ್ದು ಕೋಡಿನಲ್ಲಿದ್ದ ಬಿರುಕಿನಿಂದಲ್ಲ. ದಣಿದಿದ್ದ ಒಬ್ಬ ಮನುಷ್ಯನ ಮೂಲಕ ಬಂದ. ನಮ್ಮ ಭದ್ರತಾ ಸಲಕರಣೆಗಳು ಮಲಗಿರಲಿಲ್ಲ, ಎಚ್ಚರಿಕೆಯ ಗಂಟೆ ಬಾರಿಸಿದ್ದವು. ಆದರೆ ಗಂಟೆ ಕೇಳಿ ಓಡಿ ಬರಬೇಕಾದ ಜಾಗದಲ್ಲಿ ಕಳ್ಳನೇ ನಿಂತಿದ್ದ.

ಎಕ್ಸ್‌ಝಡ್ ಅಂದರೆ ಏನು

ಫೈಲುಗಳನ್ನು ಹಿಂಡಿ ಚಿಕ್ಕದು ಮಾಡುವ ಸಲಕರಣೆ, ಅಷ್ಟೇ. ಝಿಪ್ ಇದ್ದ ಹಾಗೆ, ಆದರೆ ಅದಕ್ಕಿಂತ ಜಾಸ್ತಿ ಹಿಂಡುತ್ತದೆ. ಲಿನಕ್ಸ್ ಕರ್ನಲ್‌ನ ಮೂಲ ಕೋಡೇ ಈ ರೂಪದಲ್ಲಿ ಹಂಚಿಕೆಯಾಗುತ್ತದೆ. ಇದರ ಜೊತೆಗೆ ಲಿಬ್‌ಎಲ್‌ಝಡ್‌ಎಂಎ ಎಂಬ ಲೈಬ್ರರಿ ಬರುತ್ತದೆ. ಬೇರೆ ಎಷ್ಟೋ ತಂತ್ರಾಂಶಗಳು ಅದನ್ನು ಒಳಗಿನಿಂದ ಬಳಸುತ್ತವೆ. ಬಳಸುತ್ತಿದ್ದೇವೆ ಅಂತ ಬಹಳ ಜನರಿಗೆ ಗೊತ್ತೂ ಇರುವುದಿಲ್ಲ.

ಇದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸ್ಸೆ ಕೊಲಿನ್. ಹೆಚ್ಚುಕಡಿಮೆ ಒಬ್ಬರೇ. ಸಂಬಳ ಇಲ್ಲ, ಕಚೇರಿ ಇಲ್ಲ, ರಜೆ ಹಾಕಿದರೆ ಬದಲಿಗೆ ನಿಲ್ಲುವವರೂ ಇಲ್ಲ. ಮೇಂಟೇನರ್ ಎಂಬ ಪದಕ್ಕೆ ಕನ್ನಡದಲ್ಲಿ 'ನಿರ್ವಾಹಕ' ಅನ್ನಬಹುದು. ನನಗೆ ಮಾತ್ರ ಊರ ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿ ನೆನಪಾಗುತ್ತಾನೆ. ಗದ್ದೆಗೆ ನೀರು ಬರುತ್ತಿರುವ ತನಕ ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಒಂದು ದಿನ ನೀರು ತಡವಾದರೆ ಎಲ್ಲರಿಗೂ ಅವನ ಮನೆ ಎಲ್ಲಿದೆ ಅಂತ ನೆನಪಾಗುತ್ತದೆ.

ಎರಡು ವರ್ಷದ ತಾಳ್ಮೆ

2021ರಲ್ಲಿ, ಜನ ಕೋಡು ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಜಿಯಾ ಟಾನ್ ಎಂಬ ಹೆಸರಿನ ಖಾತೆ ಶುರುವಾಯಿತು. ಆ ವರ್ಷದ ಅಕ್ಟೋಬರ್ ಕೊನೆಗೆ ಈ ವ್ಯಕ್ತಿ ಎಕ್ಸ್‌ಝಡ್‌ಗೆ ಒಂದು ಸಣ್ಣ ತೇಪೆ (ಪ್ಯಾಚ್, ಅಂದರೆ ಕೋಡಿಗೆ ಸೂಚಿಸುವ ಬದಲಾವಣೆ) ಕಳಿಸಿದ. ಎಡಿಟರ್ ಹೊಂದಿಸುವ ಒಂದು ಪುಟ್ಟ ಫೈಲು. ನಿರುಪದ್ರವಿ. ಆಮೇಲೆ ಇನ್ನೊಂದು, ಮತ್ತೊಂದು. ಎಲ್ಲವೂ ಅಚ್ಚುಕಟ್ಟು. ('ಕಳಿಸಿದ' ಅಂತ ಬರೆಯುತ್ತಿದ್ದೇನೆ. ಆದರೆ ಆ ಹೆಸರಿನ ಹಿಂದೆ ಗಂಡೋ ಹೆಣ್ಣೋ, ಒಬ್ಬರೋ ಒಂದು ತಂಡವೋ, ಇವತ್ತಿಗೂ ಬಯಲಾಗಿಲ್ಲ.)

2022ರ ಏಪ್ರಿಲ್‌ನಲ್ಲಿ ಆಟ ಬದಲಾಯಿತು. ಜಿಯಾ ಟಾನ್ ಒಂದು ತೇಪೆ ಕಳಿಸಿದ. ಕೊಲಿನ್ ಉತ್ತರ ಕೊಡುವುದು ತಡವಾಯಿತು. ಆಗ ಜಿಗರ್ ಕುಮಾರ್ ಎಂಬ ಹೊಸ ಹೆಸರು ಎಕ್ಸ್‌ಝಡ್‌ನ ಇಮೇಲ್ ಬಳಗಕ್ಕೆ ಬಂತು. ಇಲ್ಲಿ ತೇಪೆಗಳು ವರ್ಷಗಟ್ಟಲೆ ಕೊಳೆಯುತ್ತವೆ, ಬೇಗ ಏನಾದರೂ ಆಗುತ್ತದೆ ಅಂತ ನಂಬಲು ಕಾರಣವೇ ಇಲ್ಲ ಎಂದು ದೂರಿತು. ಮೇ ತಿಂಗಳಲ್ಲಿ ಡೆನ್ನಿಸ್ ಎನ್ಸ್ ಎಂಬ ಇನ್ನೊಂದು ಹೆಸರು ಬಂದು, ಜಾವಾ ಆವೃತ್ತಿಯನ್ನು ಯಾರಾದರೂ ನೋಡಿಕೊಳ್ಳುತ್ತಿದ್ದಾರಾ ಎಂದು ಕೇಳಿತು. ಜೂನ್‌ನಲ್ಲಿ ಜಿಗರ್ ಕುಮಾರ್ ಮತ್ತೆ ಬಂದು, ಹೊಸ ನಿರ್ವಾಹಕ ಬರುವ ತನಕ ಇಲ್ಲಿ ಕೆಲಸ ಮುಂದೆ ಹೋಗುವುದಿಲ್ಲ ಎಂದು ಬರೆಯಿತು.

ಜಿಗರ್ ಕುಮಾರ್ ನಮ್ಮ ದೇಶದ ಹೆಸರು. ಓದಿದಾಗ ನನಗೆ ಒಂದು ಕ್ಷಣ ಇರಿಸುಮುರಿಸಾಯಿತು. ಆದರೆ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಈ ಖಾತೆಗಳು ಈ ಒಂದು ಕೆಲಸ ಬಿಟ್ಟು ಬೇರೆಲ್ಲೂ ಸುಳಿವು ಬಿಟ್ಟಿಲ್ಲ. ಹೆಸರು ನೋಡಿ ದೇಶ ಹೇಳಲು ಹೊರಟವರು ಬಹಳ ಜನ. ಕೋಡು ಒಪ್ಪಿಸಿದ ಸಮಯದ ಜೊತೆ ದಾಖಲಾದ ವಲಯ ನೋಡಿ ಊಹೆ ಮಾಡಿದವರೂ ಇದ್ದಾರೆ. ಆ ವಲಯವನ್ನು ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು.

2022ರ ಜೂನ್ 8ರಂದು ಕೊಲಿನ್ ಕೊಟ್ಟ ಉತ್ತರವನ್ನು ನಾನು ಹಲವು ಸಲ ಓದಿದ್ದೇನೆ. ಆಸಕ್ತಿ ಕಳೆದುಕೊಂಡಿಲ್ಲ ಎಂದು ಅವರು ಬರೆದರು. ಬಹಳ ಕಾಲದಿಂದ ಇರುವ ಮಾನಸಿಕ ಆರೋಗ್ಯದ ತೊಂದರೆಯಿಂದ, ಮತ್ತೆ ಬೇರೆ ಕೆಲವು ಕಾರಣಗಳಿಂದ, ಹೆಚ್ಚು ಗಮನ ಕೊಡಲು ಆಗುತ್ತಿಲ್ಲ ಎಂದರು. ಜಿಯಾ ಟಾನ್ ಸಹಾಯ ಮಾಡುತ್ತಿದ್ದಾರೆ, ಮುಂದೆ ಅವರ ಪಾತ್ರ ದೊಡ್ಡದಾಗಬಹುದು, ನೋಡೋಣ ಎಂದರು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ ಎಂದರು.

ಇದಕ್ಕಿಂತ ಪ್ರಾಮಾಣಿಕವಾಗಿ ಒಬ್ಬ ಮನುಷ್ಯ ಹೇಗೆ ಮಾತಾಡಬೇಕು? ಅದಕ್ಕೆ ಡೆನ್ನಿಸ್ ಎನ್ಸ್ ಹೆಸರಿನಿಂದ ಬಂದ ಉತ್ತರ ಹೀಗಿತ್ತು: ನಿಮ್ಮ ಆರೋಗ್ಯದ ಬಗ್ಗೆ ಬೇಸರವಾಗುತ್ತದೆ, ಆದರೆ ನಿಮ್ಮ ಮಿತಿ ನಿಮಗೆ ತಿಳಿದಿರಬೇಕು. ಮೇಲೆ ಸಕ್ಕರೆ ಸವರಿದ ಮಾತು. ಒಂದು ದನಿ ಬೈಯುತ್ತದೆ, ಇನ್ನೊಂದು ದನಿ ಬುದ್ಧಿ ಹೇಳುತ್ತದೆ, ಮೂರನೆಯದು ಪಕ್ಕದಲ್ಲೇ ನಿಂತು ಹೆಗಲು ಕೊಡುತ್ತದೆ. ಬಹುಶಃ ಮೂರೂ ಒಂದೇ ಗುಂಪಿನ ಕೈವಾಡ. ಜೂನ್ ಕೊನೆಯ ಹೊತ್ತಿಗೆ ಕೊಲಿನ್, ಜಿಯಾ ಟಾನ್ ಈಗಾಗಲೇ ಸಹ-ನಿರ್ವಾಹಕರಿದ್ದ ಹಾಗೆಯೇ ಎಂದು ಬರೆದರು.

ಹೊಸಬರಿಗೆ ಕೆಲಸ ಕೊಡುವುದು, ಚೆನ್ನಾಗಿ ಮಾಡಿದವರಿಗೆ ಕೀಲಿ ಕೊಡುವುದು ಹ್ಯಾಕರ್ ಸಂಸ್ಕೃತಿಯ ಒಳ್ಳೆಯ ಗುಣ. ಯಾರೂ ಆಧಾರ್ ಕಾರ್ಡ್ ಕೇಳುವುದಿಲ್ಲ. ಯಾವ ಕಾಲೇಜು, ಯಾವ ಊರು ಕೇಳುವುದಿಲ್ಲ. ಕೋಡು ಚೆನ್ನಾಗಿದೆಯಾ ಅಷ್ಟೇ ಪ್ರಶ್ನೆ. ಸಣ್ಣ ಊರಿನಿಂದ ಬಂದ ನನ್ನಂಥ ಎಷ್ಟೋ ಜನ ಒಳಗೆ ಬಂದದ್ದು ಇದೇ ಬಾಗಿಲಿನಿಂದ. ಆ ಬಾಗಿಲನ್ನೇ ಇವರು ಬಳಸಿಕೊಂಡರು. ಕೊಲಿನ್ ಮೋಸ ಹೋದದ್ದು ದಡ್ಡತನದಿಂದ ಅಲ್ಲ. ಆ ಜಗತ್ತಿನ ರೀತಿಯಂತೆ ನಡೆದುಕೊಂಡದ್ದಕ್ಕೆ ಮೋಸ ಹೋದರು.

2023ರ ಜನವರಿ 11ರಂದು ಕೊಲಿನ್ 5.4.1 ಆವೃತ್ತಿಯನ್ನು ತಾವೇ ಕಟ್ಟಿ ಬಿಟ್ಟರು. ಮಾರ್ಚ್ 18ರ 5.4.2 ಜಿಯಾ ಟಾನ್ ಕೈಯಿಂದ ಬಂತು. ನನ್ನ ಸರ್ವರ್‌ನಲ್ಲಿ ಇದ್ದದ್ದು ಡೆಬಿಯನ್ 12 ಎಂಬ ಲಿನಕ್ಸ್ ವಿತರಣೆ. ಅದರಲ್ಲಿರುವುದು 5.4.1. ಬಿಡುಗಡೆಯ ಕೆಲಸ ಬೇರೆಯವರ ಕೈಗೆ ಹೋಗುವ ಮುಂಚೆ ಕೊಲಿನ್ ಕೊನೆಯದಾಗಿ ಕಟ್ಟಿದ್ದು ಅದೇ.

ಗಂಟೆಗಳಿಗೆ ಬಟ್ಟೆ ಸುತ್ತಿದ್ದು

ಜಿಯಾ ಟಾನ್‌ಗೆ ಅಧಿಕಾರ ಸಿಕ್ಕ ಕೂಡಲೇ ಹಿಂಬಾಗಿಲು ಬರಲಿಲ್ಲ. ಮೊದಲು ಕಾವಲು ಸಲಕರಣೆಗಳ ಬಾಯಿ ಕಟ್ಟುವ ಕೆಲಸ ನಡೆಯಿತು.

ಗೂಗಲ್ ನಡೆಸುವ ಓಎಸ್‌ಎಸ್-ಫಜ್ ಎಂಬ ಸೇವೆ ಇದೆ. ಫಜಿಂಗ್ ಅಂದರೆ ತಂತ್ರಾಂಶಕ್ಕೆ ಅಡ್ಡಾದಿಡ್ಡಿ ಮಾಹಿತಿ ತುರುಕಿ ಎಲ್ಲಿ ಮುಗ್ಗರಿಸುತ್ತದೆ ಅಂತ ನೋಡುವುದು. ಈ ಸೇವೆ ಸಾವಿರಕ್ಕೂ ಹೆಚ್ಚು ಮುಕ್ತ ತಂತ್ರಾಂಶಗಳನ್ನು ಹಗಲೂ ರಾತ್ರಿ ಹೀಗೆ ಜಾಲಾಡುತ್ತದೆ. ದೋಷ ಸಿಕ್ಕರೆ ನಿರ್ವಾಹಕರಿಗೆ ಇಮೇಲ್ ಹೋಗುತ್ತದೆ. 2023ರ ಮಾರ್ಚ್‌ನಲ್ಲಿ, ಎಕ್ಸ್‌ಝಡ್‌ನ ದೋಷ ವರದಿಗಳು ತನಗೆ ಬರುವಂತೆ ಜಿಯಾ ಟಾನ್ ಬದಲಾಯಿಸಿಕೊಂಡ. ಜೂನ್‌ನಲ್ಲಿ ಹಾನ್ಸ್ ಯಾನ್ಸನ್ ಎಂಬ ಹೆಸರಿನಿಂದ ಒಂದು ಸುಧಾರಣೆ ಬಂತು. ಕಂಪ್ಯೂಟರಿನ ಪ್ರೊಸೆಸರ್ ಯಾವುದು ಅಂತ ನೋಡಿ, ಅದಕ್ಕೆ ಹೊಂದುವ ವೇಗದ ಫಂಕ್ಷನ್ ಆರಿಸುವ ಸೌಲಭ್ಯ ಅದು. ಹೆಸರು ಐಫಂಕ್. ಕೇಳಲು ಒಳ್ಳೆಯದೇ. ಆದರೆ ತಂತ್ರಾಂಶ ಪೂರ್ತಿ ಎದ್ದು ನಿಲ್ಲುವ ಮುಂಚೆಯೇ ಒಂದಿಷ್ಟು ಕೋಡು ಓಡಲು ಇದು ಅವಕಾಶ ಕೊಡುತ್ತದೆ. ಹಿಂಬಾಗಿಲಿಗೆ ಬೇಕಿದ್ದದ್ದು ಅದೇ. ಜುಲೈನಲ್ಲಿ ಜಿಯಾ ಟಾನ್, ಓಎಸ್‌ಎಸ್-ಫಜ್ ಪರೀಕ್ಷಿಸುವಾಗ ಈ ಐಫಂಕ್ ಅನ್ನು ಬಂದ್ ಮಾಡಿಡುವಂತೆ ಮಾಡಿಸಿದ. ನೆಪ, ಅದು ಪರೀಕ್ಷೆಗೆ ಅಡ್ಡ ಬರುತ್ತದೆ ಅಂತ. ಅನುಮಾನ ಪಡಲು ಕಾರಣವಿರಲಿಲ್ಲ.

ಇನ್ನೊಂದು ಕಿತಾಪತಿ ಎಷ್ಟು ಸಣ್ಣದು ಅಂದರೆ ಬರಿಗಣ್ಣಿಗೆ ಕಾಣುವುದೇ ಕಷ್ಟ. ಲಿನಕ್ಸ್‌ನಲ್ಲಿ ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಇದೆ. ತಂತ್ರಾಂಶ ತನ್ನ ಕೈಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡ ಹಾಗೆ. 2024ರ ಫೆಬ್ರವರಿ 26ರಂದು, ಲ್ಯಾಂಡ್‌ಲಾಕ್ ಇದೆಯಾ ಎಂದು ಪರೀಕ್ಷಿಸುವ ಪುಟ್ಟ ಕೋಡಿನಲ್ಲಿ ಒಂದೇ ಒಂದು ಚುಕ್ಕಿ ಬಂದು ಕೂತಿತು. ಸಾಲಿನ ಆರಂಭದಲ್ಲಿ ಒಂದು ಚುಕ್ಕಿ, ಅಷ್ಟೇ. ಅದರಿಂದ ಆ ಪುಟ್ಟ ಕೋಡು ಕಂಪೈಲ್ ಆಗುವುದಿಲ್ಲ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ಬರುವುದಿಲ್ಲ. ಕಂಪೈಲ್ ಆಗದಿದ್ದರೆ ಲ್ಯಾಂಡ್‌ಲಾಕ್ ಇಲ್ಲ ಎಂದು ತೀರ್ಮಾನವಾಗುತ್ತದೆ. ರಕ್ಷಣೆ ಸುಮ್ನೆ ಬಿಟ್ಟುಹೋಗುತ್ತದೆ.

ಹಿಂಬಾಗಿಲು ಬಂದದ್ದು ಅದಕ್ಕೆ ಮೂರು ದಿನ ಮುಂಚೆ, ಫೆಬ್ರವರಿ 23ರಂದು. ಬಂದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಫೈಲು ಹಿಂಡುವ ತಂತ್ರಾಂಶಕ್ಕೆ ಪರೀಕ್ಷೆಯ ಫೈಲುಗಳು ಬೇಕು. ಒಳ್ಳೆಯ ಫೈಲು, ಬೇಕಂತಲೇ ಕೆಡಿಸಿದ ಫೈಲು, ಎರಡೂ. ಇವು ಓದುವ ಕೋಡಲ್ಲ, ಬರೀ ಬೈಟುಗಳ ರಾಶಿ. ಇವನ್ನು ಯಾರು ಕಣ್ಣಿಟ್ಟು ನೋಡುತ್ತಾರೆ? ಜಿಯಾ ಟಾನ್ ಸೇರಿಸಿದ ಒಂದು ಫೈಲಿನ ಹೆಸರು 'ಬ್ಯಾಡ್-3-ಕರಪ್ಟ್' ಎಂದು ಶುರುವಾಗುತ್ತಿತ್ತು. ಕೆಟ್ಟದ್ದು, ಹಾಳಾದದ್ದು ಅಂತ ಹೆಸರಿನಲ್ಲೇ ಬರೆದಿದ್ದ ಫೈಲು. ಬಿಚ್ಚಲು ಹೋದರೆ ಬಿಚ್ಚುವುದಿಲ್ಲ. ಆದರೆ ಅದರೊಳಗಿನ ಕೆಲವೇ ಬೈಟುಗಳನ್ನು ಅದಲುಬದಲು ಮಾಡಿದರೆ ಸರಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಒಳಗೆ ಒಂದು ಸ್ಕ್ರಿಪ್ಟ್. ಆ ಸ್ಕ್ರಿಪ್ಟ್ ಇನ್ನೊಂದು ಪರೀಕ್ಷಾ ಫೈಲಿನಿಂದ ಗುಪ್ತ ಭಾಗವನ್ನು ಹೊರತೆಗೆಯುತ್ತಿತ್ತು. ಕೊನೆಗೆ ಸಿಗುವುದು ಮೊದಲೇ ಕಂಪೈಲ್ ಮಾಡಿಟ್ಟ ಹಿಂಬಾಗಿಲು.

ಇದನ್ನೆಲ್ಲ ಶುರು ಮಾಡುವ ಒಂದು ಸಾಲು ಬೇಕಲ್ಲ? ಅದನ್ನು ಗಿಟ್‌ಹಬ್‌ನ ಕೋಡಿನಲ್ಲಿ ಇಡಲೇ ಇಲ್ಲ. ಫೆಬ್ರವರಿ 24ರಂದು 5.6.0 ಬಿಡುಗಡೆಯಾದಾಗ ಎಲ್ಲ ಫೈಲುಗಳನ್ನು ಸೇರಿಸಿ ಕೊಟ್ಟ ಕಟ್ಟಿನಲ್ಲಿ (ಟಾರ್‌ಬಾಲ್) ಮಾತ್ರ ಇತ್ತು. ಡೆಬಿಯನ್, ಫೆಡೋರಾ ಥರದ ಲಿನಕ್ಸ್ ವಿತರಕರು ಈ ಕಟ್ಟನ್ನು ಇಳಿಸಿಕೊಂಡು ತಮ್ಮಲ್ಲಿ ಮರುಕಟ್ಟುವುದು ಹಳೆಯ ರೂಢಿ. ಕಟ್ಟಿನಲ್ಲಿ ಯಂತ್ರವೇ ಬರೆದ ಫೈಲುಗಳು ತುಂಬ ಇರುತ್ತವೆ. ಹಾಗಾಗಿ ಮೂಲಕ್ಕೂ ಕಟ್ಟಿಗೂ ವ್ಯತ್ಯಾಸ ಇರುವುದು ಮಾಮೂಲು. ಮುಕ್ತ ಕೋಡು ಎಲ್ಲರ ಕಣ್ಣ ಮುಂದೆ ಇದೆ ಎಂದು ನಾವು ಹೇಳಿಕೊಳ್ಳುತ್ತೇವೆ. ಇಲ್ಲಿ ಕಣ್ಣ ಮುಂದಿದ್ದ ಕೋಡು ಒಂದು, ಜನರ ಯಂತ್ರಕ್ಕೆ ಹೋದ ಕೋಡು ಇನ್ನೊಂದು.

ಬಿಡುಗಡೆಯಾದ ಕೆಲವೇ ದಿನಕ್ಕೆ ಗಂಟೆ ಬಾರಿಸಿತು. ವ್ಯಾಲ್‌ಗ್ರೈಂಡ್ ಎಂಬ ಸಲಕರಣೆ ಮೆಮೊರಿ ಬಳಕೆಯ ತಪ್ಪುಗಳನ್ನು ಹಿಡಿಯುತ್ತದೆ. 5.6.0 ಹಾಕಿಕೊಂಡ ಕಡೆ ಅದು, ಇಲ್ಲಿ ಬರೆಯಬಾರದ ಜಾಗದಲ್ಲಿ ಏನೋ ಬರೆಯುತ್ತಿದೆ ಎಂದು ದೂರಿತು. ಫೆಡೋರಾದವರು ನೋಡಿದರು. ನಿರ್ವಾಹಕರ ಜೊತೆ ಮಾತಾಡಿದರು. ಆ ನಿರ್ವಾಹಕ ಯಾರು? ಜಿಯಾ ಟಾನ್. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ವಾ.

ಮಾರ್ಚ್ 9ರಂದು ಉತ್ತರ ಬಂತು. ಇದು ಕಂಪೈಲರ್‌ನ ಕೆಲವು ಆಯ್ಕೆಗಳಿಂದ ವ್ಯಾಲ್‌ಗ್ರೈಂಡ್ ಸುಳ್ಳು ದೂರು ಕೊಡುವ ಸಂದರ್ಭ ಎಂದು ಒಂದು ಬದಲಾವಣೆಯ ಟಿಪ್ಪಣಿ ಹೇಳಿತು. ಅದೇ ದಿನ ಆ ಎರಡು ಪರೀಕ್ಷಾ ಫೈಲುಗಳೂ ಬದಲಾದವು. ಹಿಂದಿನವು ತನ್ನ ಕಂಪ್ಯೂಟರಿನ ಯಾದೃಚ್ಛಿಕ ಅಂಕಿಗಳಿಂದ ತಯಾರಾಗಿದ್ದವು, ಮುಂದೆ ಯಾರು ಬೇಕಾದರೂ ಮತ್ತೆ ತಯಾರಿಸಲು ಅನುಕೂಲವಾಗಲಿ ಅಂತ ಸ್ಥಿರ ಅಂಕಿ ಬಳಸಿದ್ದೇನೆ ಎಂದು ಕಾರಣ ಕೊಟ್ಟಿತ್ತು. ಒಳ್ಳೆಯ ಎಂಜಿನಿಯರ್ ಆಡುವ ಮಾತು. ನಿಜದಲ್ಲಿ ಬದಲಾದದ್ದು ಹಿಂಬಾಗಿಲು. ವ್ಯಾಲ್‌ಗ್ರೈಂಡ್ ಹಿಡಿದುಕೊಟ್ಟ ತಪ್ಪನ್ನು ಸರಿಪಡಿಸಿದ್ದರು. ಅದೇ 5.6.1.

ನನಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವ ಭಾಗ ಇದು. ಸಲಕರಣೆ ಸರಿಯಾಗಿ ಹೇಳಿತ್ತು. ಓದಿದವರು ಸಿಕ್ಕ ವಿವರಣೆಯನ್ನು ನಂಬಿದರು. ನಾನು ಆ ಜಾಗದಲ್ಲಿ ಇದ್ದಿದ್ದರೂ ನಂಬುತ್ತಿದ್ದೆ. 'ಸುಳ್ಳು ಎಚ್ಚರಿಕೆ' ಅನ್ನುವುದು ನಮ್ಮ ಕೆಲಸದಲ್ಲಿ ದಿನಾ ಕೇಳುವ ಮಾತು. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಹೌದು.

ಒಳಗೆ ಹೋಗುವ ದಾರಿ

ಹಿಂಬಾಗಿಲಿನ ಗುರಿ ಎಕ್ಸ್‌ಝಡ್ ಅಲ್ಲ, ಎಸ್‌ಎಸ್‌ಎಚ್. ದೂರದ ಸರ್ವರ್‌ಗೆ ನಾವು ಲಾಗಿನ್ ಆಗುವುದು ಇದರ ಮೂಲಕ. ಆ ಕೆಲಸ ಮಾಡುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್. ಓಪನ್‌ಎಸ್‌ಎಸ್‌ಎಚ್‌ಗೂ ಫೈಲು ಹಿಂಡುವ ಈ ಲೈಬ್ರರಿಗೂ ನೇರ ಸಂಬಂಧವೇ ಇಲ್ಲ. ಆದರೆ ಡೆಬಿಯನ್ ಮತ್ತು ಫೆಡೋರಾದವರು ತಮ್ಮ ಓಪನ್‌ಎಸ್‌ಎಸ್‌ಎಚ್‌ಗೆ ಒಂದು ಸಣ್ಣ ಸೇರ್ಪಡೆ ಮಾಡಿಕೊಂಡಿದ್ದರು. ಸೇವೆ ಶುರುವಾಯಿತು ಎಂದು, ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ತಿಳಿಸಲು ಅದರ ಲೈಬ್ರರಿ ಜೋಡಿಸಿದ್ದರು. ಆ ಲೈಬ್ರರಿ ತನ್ನ ಜೊತೆಗೆ ಲಿಬ್‌ಎಲ್‌ಝಡ್‌ಎಂಎಯನ್ನೂ ಎಳೆದು ತರುತ್ತಿತ್ತು. ನೆಂಟನ ನೆಂಟ ಮದುವೆ ಮನೆಗೆ ಬಂದ ಹಾಗೆ. ಬಂದವನು ನೇರವಾಗಿ ಬೀಗದ ಕೋಣೆಗೆ ನಡೆದ.

ಎಸ್‌ಎಸ್‌ಎಚ್ ಶುರುವಾಗುವಾಗ ಈ ಕೋಡು ಆರ್‌ಎಸ್‌ಎ ಎಂಬ ಬಗೆಯ ಗೂಢಲಿಪಿ ಕೀಲಿ ಪರೀಕ್ಷಿಸುವ ಒಂದು ಫಂಕ್ಷನ್ನಿನ ಜಾಗದಲ್ಲಿ ತಾನು ಕೂರುತ್ತಿತ್ತು. ಯಾರಾದರೂ ಲಾಗಿನ್‌ಗೆ ಬಂದಾಗ, ಅವರು ಕೊಟ್ಟ ಪ್ರಮಾಣಪತ್ರದಲ್ಲಿ ಒಂದು ಗುಪ್ತ ಸಂದೇಶ ಇದೆಯಾ ಅಂತ ನೋಡುತ್ತಿತ್ತು. ಇದ್ದರೆ, ಅದರ ಮೇಲೆ ದಾಳಿಕೋರರ ಸಹಿ ಇದೆಯಾ ಅಂತ ಪರೀಕ್ಷಿಸುತ್ತಿತ್ತು. ಸಹಿ ಸರಿಯಿದ್ದರೆ ಸಂದೇಶದಲ್ಲಿದ್ದ ಆಜ್ಞೆ ಓಡುತ್ತಿತ್ತು. ಪಾಸ್‌ವರ್ಡ್ ಬೇಡ, ಖಾತೆ ಬೇಡ. ಸಹಿ ಇಲ್ಲದಿದ್ದರೆ ಎಲ್ಲವೂ ಮಾಮೂಲಿನಂತೆ. ಹಾಗಾಗಿ ಹೊರಗಿನಿಂದ ತಟ್ಟಿ ನೋಡಿ ಈ ಬಾಗಿಲು ಇದೆಯೋ ಇಲ್ಲವೋ ಹೇಳಲು ಆಗುತ್ತಿರಲಿಲ್ಲ. ಬೇರೆ ಕಳ್ಳರೂ ಬಳಸುವಂತಿರಲಿಲ್ಲ. ಕೀಲಿ ಒಬ್ಬರ ಹತ್ತಿರ ಮಾತ್ರ.

ಅದು ತನ್ನನ್ನು ಯಾರಾದರೂ ಗಮನಿಸುತ್ತಿದ್ದಾರಾ ಅಂತಲೂ ನೋಡಿಕೊಳ್ಳುತ್ತಿತ್ತು. ಟರ್ಮಿನಲ್‌ನಿಂದ ಕೈಯಾರೆ ಓಡಿಸಿದರೆ ಸುಮ್ಮನಿರುತ್ತಿತ್ತು. ತಂತ್ರಾಂಶವನ್ನು ಒಳಹೊಕ್ಕು ನೋಡುವ ಕೆಲವು ಡಿಬಗ್ಗರ್‌ಗಳ ವಾಸನೆ ಬಂದರೂ ಸುಮ್ಮನಿರುತ್ತಿತ್ತು. 64 ಬಿಟ್‌ನ ಇಂಟೆಲ್ ಮಾದರಿಯ ಲಿನಕ್ಸ್ ಮೇಲೆ, ಡೆಬಿಯನ್ ಅಥವಾ ರೆಡ್ ಹ್ಯಾಟ್ ರೀತಿಯ ಪ್ಯಾಕೇಜ್ ಕಟ್ಟುವಾಗ ಮಾತ್ರ ಒಳಗೆ ಸೇರಿಕೊಳ್ಳುತ್ತಿತ್ತು.

ಫೆಬ್ರವರಿ ಕೊನೆಯಲ್ಲಿ ಸಿಸ್ಟಮ್‌ಡಿ ಕಡೆ ಒಂದು ಚರ್ಚೆ ನಡೆದಿತ್ತು. ಇಂಥ ಲೈಬ್ರರಿಗಳನ್ನು ಸುಮ್ಮನೆ ಎಳೆದು ತರುವುದು ಬೇಡ, ಬೇಕಾದಾಗ ಮಾತ್ರ ತರಿಸೋಣ ಅಂತ. ಅದು ಜಾರಿಗೆ ಬಂದಿದ್ದರೆ ಎರಡು ವರ್ಷದ ಶ್ರಮ ನೀರುಪಾಲು. ಆಮೇಲಿನ ಅವಸರಕ್ಕೆ ಇದೂ ಕಾರಣ ಇರಬಹುದು ಎಂದು ಹಲವರು ಊಹಿಸಿದ್ದಾರೆ. ಅವಸರವಂತೂ ಕಣ್ಣಿಗೆ ಕಾಣುತ್ತದೆ. ಮಾರ್ಚ್ 25ರಂದು ಹಾನ್ಸ್ ಯಾನ್ಸನ್ ಹೆಸರು ಮತ್ತೆ ಬಂದು, 5.6.1 ಬೇಗ ಸೇರಿಸಿ ಎಂದು ಡೆಬಿಯನ್‌ಗೆ ಕೇಳಿತು. ಮಾರ್ಚ್ 28ರಂದು ಜಿಯಾ ಟಾನ್ ಉಬುಂಟು ಎಂಬ ಇನ್ನೊಂದು ಲಿನಕ್ಸ್ ವಿತರಣೆಗೆ ಕೇಳಿದ. ಏಪ್ರಿಲ್‌ನಲ್ಲಿ ಉಬುಂಟು 24.04 ಬರುವುದಿತ್ತು. ವರ್ಷಗಟ್ಟಲೆ ನಡೆಯುವ ಆವೃತ್ತಿ. ಅದರೊಳಗೆ ಸೇರಿಬಿಟ್ಟಿದ್ದರೆ ಲಕ್ಷಗಟ್ಟಲೆ ಸರ್ವರ್‌ಗಳ ಬಾಗಿಲು ತೆರೆದಂತೆ.

ಕುತೂಹಲ ಬಿಡದವನು

ಅದೇ ಹೊತ್ತಿಗೆ ಫ್ರಾಯಿಂಡ್ ಪೋಸ್ಟ್‌ಗ್ರೆಸ್‌ನ ವೇಗ ಅಳೆಯುತ್ತಿದ್ದರು. ಅಳತೆ ಸರಿ ಬರಬೇಕಾದರೆ ಯಂತ್ರ ಶಾಂತವಾಗಿರಬೇಕು. ಬೇರೆ ಯಾವ ಕೆಲಸವೂ ಸಿಪಿಯು ತಿನ್ನಬಾರದು. ಆದರೆ ಎಸ್‌ಎಸ್‌ಎಚ್ ತಿನ್ನುತ್ತಿತ್ತು. ಇಂಟರ್ನೆಟ್‌ಗೆ ತೆರೆದ ಯಾವ ಸರ್ವರ್‌ಗೂ ಯಾರ‍್ಯಾರೋ ತಪ್ಪು ಹೆಸರು ಹಾಕಿ ತಟ್ಟುತ್ತಲೇ ಇರುತ್ತಾರೆ. ಅಂಥವು ತಕ್ಷಣ ತಿರಸ್ಕಾರವಾಗಬೇಕು, ಸಿಪಿಯುಗೆ ಗೊತ್ತೇ ಆಗಬಾರದು. ಇಲ್ಲಿ ಹಾಗಿರಲಿಲ್ಲ. ಅವರು ಅಳೆದು ನೋಡಿದರು. ಮೊದಲು 0.299 ಸೆಕೆಂಡಿನಲ್ಲಿ ಮುಗಿಯುತ್ತಿದ್ದದ್ದಕ್ಕೆ ಈಗ 0.807 ಸೆಕೆಂಡು.

ಅರ್ಧ ಸೆಕೆಂಡು. ನಾವು ಕಣ್ಣು ಪಿಳುಕಿಸಿ ತೆರೆಯುವಷ್ಟು ಹೊತ್ತು.

ಅವರು ಪರ್ಫ್ ಎಂಬ ಸಲಕರಣೆ ಹಿಡಿದರು. ಸಿಪಿಯು ಸಮಯ ಎಲ್ಲಿ ಹೋಗುತ್ತಿದೆ ಅಂತ ಅದು ತೋರಿಸುತ್ತದೆ. ಅದು ತೋರಿಸಿದ್ದು ಲಿಬ್‌ಎಲ್‌ಝಡ್‌ಎಂಎಯನ್ನು. ಲಾಗಿನ್‌ಗೂ ಫೈಲು ಹಿಂಡುವುದಕ್ಕೂ ಏನು ಸಂಬಂಧ? ಅದೂ ಅಲ್ಲದೆ, ಸಮಯ ತಿನ್ನುತ್ತಿದ್ದ ಜಾಗಕ್ಕೆ ಪರ್ಫ್‌ಗೆ ಒಂದು ಹೆಸರೂ ಸಿಗಲಿಲ್ಲ. ಹೆಸರಿಲ್ಲದ ಕೋಡು. ಆಗ ಅವರಿಗೆ ಕೆಲವು ವಾರದ ಹಿಂದಿನ ಒಂದು ಮಾತು ನೆನಪಾಯಿತು. ಪೋಸ್ಟ್‌ಗ್ರೆಸ್‌ನ ಪರೀಕ್ಷೆಗಳಲ್ಲಿ ವ್ಯಾಲ್‌ಗ್ರೈಂಡ್ ವಿಚಿತ್ರವಾದ ದೂರು ಕೊಟ್ಟಿತ್ತು. ಪ್ಯಾಕೇಜ್‌ಗಳನ್ನು ಹೊಸದು ಮಾಡಿಕೊಂಡ ಮೇಲೆ ಬಂದ ದೂರು ಅದು. ಎರಡೂ ತಂತಿ ಒಂದಕ್ಕೊಂದು ತಾಗಿದವು.

ಮೊದಲು ಡೆಬಿಯನ್‌ನ ಪ್ಯಾಕೇಜಿಗೆ ಯಾರೋ ಕೈ ಹಾಕಿದ್ದಾರೆ ಅಂದುಕೊಂಡರು. ಅಗೆಯುತ್ತಾ ಹೋದಾಗ ಎಕ್ಸ್‌ಝಡ್‌ನ ಬಿಡುಗಡೆಯ ಕಟ್ಟೇ ಹಾಳಾಗಿದೆ ಅಂತ ಗೊತ್ತಾಯಿತು. ಮಾರ್ಚ್ 28ರಂದು ಡೆಬಿಯನ್‌ನ ಭದ್ರತಾ ತಂಡಕ್ಕೂ ಲಿನಕ್ಸ್ ವಿತರಕರಿಗೂ ಖಾಸಗಿಯಾಗಿ ತಿಳಿಸಿದರು. ಮಾರನೇ ದಿನ ಎಲ್ಲರಿಗೂ. ತಾನು ಭದ್ರತಾ ಸಂಶೋಧಕ ಅಲ್ಲ ಎಂದು ಆ ಪತ್ರದಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ.

ಹ್ಯಾಕರ್ ಅಂದರೆ ಕಳ್ಳ ಅಂತಲೇ ನಮ್ಮ ಪತ್ರಿಕೆಗಳು ಬರೆಯುತ್ತವೆ. ಆ ಪದ ಹುಟ್ಟಿದ ಬಳಗದಲ್ಲಿ ಅದಕ್ಕೆ ಇದ್ದ ಅರ್ಥ ಬೇರೆ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ಬಿಚ್ಚಿ ನೋಡದೆ ನೆಮ್ಮದಿ ಇಲ್ಲದವನು. ಫ್ರಾಯಿಂಡ್ ಮಾಡಿದ್ದು ಅದನ್ನೇ. ಆ ಅರ್ಧ ಸೆಕೆಂಡನ್ನು 'ಇರಲಿ ಬಿಡು' ಅಂದುಬಿಟ್ಟಿದ್ದರೆ ಅವರ ದಿನದ ಕೆಲಸಕ್ಕೆ ಏನೂ ಕೊರತೆ ಆಗುತ್ತಿರಲಿಲ್ಲ.

ಆಮೇಲೆ ಆದದ್ದು

ಸುದ್ದಿ ಹೊರಬಿದ್ದ ಗಂಟೆಗಳಲ್ಲೇ ಎಲ್ಲರೂ ಹಿಂದಿನ ಆವೃತ್ತಿಗೆ ಹೋದರು. ತೊಂದರೆಯಾದದ್ದು ಹೆಚ್ಚಾಗಿ ಪ್ರಯೋಗದ ಶಾಖೆಗಳಿಗೆ: ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳು, ಫೆಡೋರಾದ ಮುಂದಿನ ಆವೃತ್ತಿಗಳು, ಓಪನ್‌ಸುಸೆ ಟಂಬಲ್‌ವೀಡ್. ಭದ್ರತಾ ಪರೀಕ್ಷಕರೇ ಬಳಸುವ ಕಾಲಿ ಲಿನಕ್ಸ್‌ಗೂ ತಾಗಿತ್ತು. ಮಾರ್ಚ್ 26ರಿಂದ 29ರ ನಡುವೆ ಅದನ್ನು ಹೊಸದು ಮಾಡಿಕೊಂಡವರ ಯಂತ್ರಕ್ಕೆ ಈ ಎಕ್ಸ್‌ಝಡ್ ಬಂದಿತ್ತು. ಬೀಗ ಪರೀಕ್ಷಿಸಲು ಹೋಗುವವರ ಚೀಲದಲ್ಲೇ ಕಳ್ಳನ ಕೀಲಿ. ಉಬುಂಟು ತನ್ನ 24.04ರ ಬೀಟಾವನ್ನು ಒಂದು ವಾರ ಮುಂದಕ್ಕೆ ಹಾಕಿ, ಆ ಕೆಟ್ಟ ಕೋಡು ಎಕ್ಸ್‌ಝಡ್‌ಗೆ ಸೇರಿದ ಮೇಲೆ ಕಟ್ಟಿದ್ದ ಪ್ಯಾಕೇಜುಗಳನ್ನೆಲ್ಲ ಹೊಸದಾಗಿ ಕಟ್ಟಿತು. ದೋಷಕ್ಕೆ ಸಿವಿಇ-2024-3094 ಎಂಬ ಗುರುತು ಬಂತು. ತೀವ್ರತೆಗೆ 10ಕ್ಕೆ 10.

ಆ ವಾರಾಂತ್ಯ ನಾನು ನಿದ್ದೆಗೆಟ್ಟು ಓದಿದೆ. ಜಗತ್ತಿನ ಬೇರೆ ಬೇರೆ ಮೂಲೆಯ ಜನ ಹಿಂಬಾಗಿಲಿನ ಒಂದೊಂದು ಎಳೆ ಬಿಚ್ಚಿ ಎಲ್ಲರ ಮುಂದೆ ಇಡುತ್ತಿದ್ದರು. ಒಬ್ಬರು ಸ್ಕ್ರಿಪ್ಟ್ ಬಿಚ್ಚಿದರು. ಇನ್ನೊಬ್ಬರು ಸಹಿಯ ಗುಟ್ಟು ಕಂಡುಹಿಡಿದರು. ಮತ್ತೊಬ್ಬರು ದಾಳಿಕೋರರ ಕೀಲಿಯ ಜಾಗದಲ್ಲಿ ತಮ್ಮ ಕೀಲಿ ಇಟ್ಟು, ಬಾಗಿಲು ಹೇಗೆ ತೆರೆಯುತ್ತದೆ ಅಂತ ಮಾಡಿ ತೋರಿಸಿದರು. ಯಾರೂ ಹಣ ಕೇಳಲಿಲ್ಲ. ಜಿಯಾ ಟಾನ್ ದುರುಪಯೋಗ ಮಾಡಿಕೊಂಡದ್ದೂ ಈ ಧಾರಾಳವನ್ನೇ, ಅವನ ಕೆಲಸ ಬಯಲಾದದ್ದೂ ಇದರಿಂದಲೇ.

ಅವನ ಹಳೆಯ ಕೆಲಸವನ್ನೆಲ್ಲ ಜನ ಮತ್ತೆ ಜಾಲಾಡಿದರು. 2021ರಲ್ಲೇ ಲಿಬ್‌ಆರ್ಕೈವ್ ಎಂಬ ಇನ್ನೊಂದು ತಂತ್ರಾಂಶದಲ್ಲಿ, ಸುರಕ್ಷಿತವಾಗಿ ಮುದ್ರಿಸುವ ಫಂಕ್ಷನ್ ತೆಗೆದು ಮಾಮೂಲಿನದನ್ನು ಹಾಕಿದ್ದು ಸಿಕ್ಕಿತು. ಅದನ್ನು ಹಿಂದಕ್ಕೆ ಪಡೆದರು. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8, ಸಿಸ್ಟಮ್‌ಡಿಗೆ ಸೂಚನೆ ಕೊಡುವ ಕೆಲಸವನ್ನು ಯಾವ ಲೈಬ್ರರಿಯೂ ಇಲ್ಲದೆ ತಾನೇ ಮಾಡುವುದನ್ನು ಕಲಿತುಕೊಂಡಿತು. ಆ ನೆಂಟನ ನೆಂಟ ಬರುತ್ತಿದ್ದ ದಾರಿ ಮುಚ್ಚಿತು.

ಹಣದ ಮಾತೂ ಎದ್ದಿತು. 2024ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಝೆರೋಧಾ, ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ಜಗತ್ತಿನ ಯಾವ ಮೂಲೆಯವರಾದರೂ ಅರ್ಜಿ ಹಾಕಬಹುದು. ಇದು ಎಕ್ಸ್‌ಝಡ್ ಪ್ರಕರಣದಿಂದಲೇ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಆದರೆ ನೀರಗಂಟಿಗೆ ಕೂಲಿ ಕೊಡಬೇಕು ಎಂಬ ಮಾತು ನಮ್ಮ ಊರಿನಿಂದಲೂ ಹೊರಟಿದ್ದು ನನಗೆ ಸಂತೋಷ. ಅಷ್ಟೇ ಸಾಲದು ಅಂತಲೂ ಅನಿಸುತ್ತದೆ. ಕೊಲಿನ್‌ಗೆ 2022ರಲ್ಲಿ ಬೇಕಿದ್ದದ್ದು ದುಡ್ಡು ಮಾತ್ರವಾ? ಅಥವಾ, 'ತಡವಾದರೆ ಪರವಾಗಿಲ್ಲ, ಮೊದಲು ನೀವು ಆರಾಮಾಗಿ' ಅನ್ನುವ ಒಂದು ನಿಜವಾದ ದನಿಯಾ? ಆ ಇಮೇಲ್‌ಗಳನ್ನು ಯಾರು ಬೇಕಾದರೂ ಓದಬಹುದಿತ್ತು. ದೂರು ಹೇಳಲು ಸುಳ್ಳು ಹೆಸರುಗಳು ಬಂದವು. ಅವರ ಪರವಾಗಿ ಗಟ್ಟಿಯಾಗಿ ನಿಲ್ಲಲು ನಿಜವಾದ ಹೆಸರುಗಳು ಬರಲಿಲ್ಲ.

ಪ್ರಕರಣ ಬಯಲಾದಾಗ ಗಿಟ್‌ಹಬ್ ಜಿಯಾ ಟಾನ್ ಖಾತೆಯ ಜೊತೆಗೆ ಕೊಲಿನ್ ಖಾತೆಯನ್ನೂ ತಡೆಹಿಡಿಯಿತು, ಎಕ್ಸ್‌ಝಡ್‌ನ ಕೋಡನ್ನೂ ಮುಚ್ಚಿತು. ಆಮೇಲೆ ವಾಪಸ್ ಕೊಟ್ಟಿತು. ಕೊಲಿನ್ ತಮ್ಮ ಹಳೆಯ ತಾಣದಲ್ಲಿ ಚಿಕ್ಕ ಟಿಪ್ಪಣಿ ಹಾಕಿದರು. ಯಾವ ಯಾವ ಜಾಗಕ್ಕೆ ಜಿಯಾ ಟಾನ್‌ನ ಕೈ ತಲುಪಿತ್ತು, ಯಾವುದು ತಮ್ಮ ಕೈಯಲ್ಲೇ ಉಳಿದಿತ್ತು ಎಂದು ಲೆಕ್ಕ ಒಪ್ಪಿಸಿದರು. ಆಮೇಲೆ ಕೂತು ಹಳೆಯ ಬದಲಾವಣೆಗಳನ್ನು ಪರಿಶೀಲಿಸಿದರು. ಆ ಚುಕ್ಕಿಯನ್ನು ತೆಗೆದರು. ಐಫಂಕ್ ತೆಗೆದರು. ಮೇ 29ರಂದು, ಸರಿಯಾಗಿ ಎರಡು ತಿಂಗಳ ನಂತರ, 5.6.2 ಬಿಡುಗಡೆ ಮಾಡಿದರು. ಬದಲಾವಣೆಗಳ ಪಟ್ಟಿಯ ಮೊದಲ ಸಾಲು, ಹಿಂಬಾಗಿಲನ್ನು ತೆಗೆಯಲಾಗಿದೆ ಎಂದು ಹೇಳುತ್ತಿತ್ತು. ಕಟ್ಟಿನ ಮೇಲೆ ಮತ್ತೆ ಅವರದೇ ಸಹಿ ಇತ್ತು.